ಸಮುದ್ರಕ್ಕಿಂತ ಮೂರೂವರೆ ಮೀಟರ್ ಕೆಳಗಿರುವ ಹಳ್ಳಿಯಲ್ಲಿ ಮನೆ ತೆಗೆದುಕೊಳ್ಳಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾವು ದಾವಣಗೆರೆ ಕಡೆಯವರು. ಆರು ವರ್ಷದಿಂದ ನೆದರ್‌ಲ್ಯಾಂಡ್ಸ್‌ನಲ್ಲಿದ್ದೇವೆ, ಈಗ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಾಡಿಗೆ ಮನೆ. ಇಬ್ಬರಿಗೂ ಕೆಲಸ, ಮಗಳಿಗೆ ಐದು ವರ್ಷ. ಮಿಡನ್‌ಬೇಮ್‌ಸ್ಟರ್ ಅನ್ನುವ ಹಳ್ಳಿಯಲ್ಲಿ ಎರಡು ಮನೆ ನೋಡಿ ಬಂದೆವು. ಒಂದು 1920ರ ಸುಮಾರಿನ ಇಟ್ಟಿಗೆ ಮನೆ, ಹಿತ್ತಲಿಗೆ ಅಂಟಿಕೊಂಡೇ ಸಣ್ಣ ಕಾಲುವೆ ಇದೆ. ಇನ್ನೊಂದು 1980ರ ನಂತರ ಕಟ್ಟಿದ ಸಾಲು ಮನೆ. ನನಗೆ ಹಳೇ ಮನೆ ತುಂಬಾ ಹಿಡಿಸಿದೆ. ಆದರೆ ಆ ಊರು ಸಮುದ್ರ ಮಟ್ಟಕ್ಕಿಂತ ಮೂರೂವರೆ ಮೀಟರ್ ಕೆಳಗಿದೆ ಅಂತ ಗೊತ್ತಾದ ಮೇಲೆ ಅತ್ತೆ ಮಾವನಿಗೆ ನಿದ್ದೆಯಿಲ್ಲ. ಏರಿ ಒಡೆದರೆ ಏನು ಗತಿ? ಮನೆ ಕುಸಿಯುವುದಿಲ್ಲವೇ? ಚಳಿಗಾಲದಲ್ಲಿ ಅಷ್ಟು ಸಣ್ಣ ಊರಿನಲ್ಲಿ ಒಂಟಿಯಾಗಿಬಿಡುತ್ತೇವಾ? ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಸಮುದ್ರ ಒಳಗೆ ಬರುತ್ತಾ, ಮನೆ ಕುಸಿಯುತ್ತಾ, ನಾವು ಒಂಟಿಯಾಗುತ್ತೇವಾ, ಈ ಮೂರೂ ಬೇರೆ ಬೇರೆ ಭಯ. ಇಪ್ಪತ್ತು ವರ್ಷಕ್ಕೂ ಜಾಸ್ತಿ ನಾನು ಉತ್ತರ ಹಾಲೆಂಡ್ ಭಾಗದಲ್ಲಿ ಏರಿ, ಪಂಪು, ಕಾಲುವೆಗಳ ಕೆಲಸವನ್ನೇ ಮಾಡಿದ್ದೇನೆ, ಅದರಲ್ಲಿ ಹದಿನಾಲ್ಕು ವರ್ಷ ಇಂಥದೇ ಒಂದು ಹಳ್ಳಿಯಲ್ಲಿ ವಾಸ ಮಾಡಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ. ನಿಮ್ಮ ಮನೆಯವರು ಹೆದರುತ್ತಿರುವ ಸಮುದ್ರಕ್ಕೆ ಅಷ್ಟು ಹೆದರಬೇಕಿಲ್ಲ. ನೀವು ಅರ್ಧ ಸಾಲಿನಲ್ಲಿ ಕೇಳಿ ಮುಂದೆ ಹೋದ ವಿಷಯ, ಅಂದರೆ ಆ ಹಳೇ ಮನೆಯ ಬುನಾದಿ, ಅದನ್ನು ಮಾತ್ರ ಚೆನ್ನಾಗಿ ನೋಡಬೇಕು.

ಮೊದಲು ಆ ಊರು ಯಾಕೆ ಅಷ್ಟು ತಗ್ಗಿನಲ್ಲಿದೆ ಅಂತ ತಿಳಿದುಕೊಳ್ಳಿ. ಅದು ಗೊತ್ತಾದರೆ ಅರ್ಧ ಭಯ ತಾನಾಗೇ ಹೋಗುತ್ತದೆ. ನಿಮ್ಮ ಹಳ್ಳಿ ಇರುವ ಇಡೀ ಪ್ರದೇಶದ ಹೆಸರು ಬೇಮ್‌ಸ್ಟರ್, ನಾಲ್ಕು ನೂರು ವರ್ಷದ ಹಿಂದೆ ಅದು ಊರಲ್ಲ, ದೊಡ್ಡ ಸರೋವರ. ಗಾಳಿ ಬೀಸಿದಾಗೆಲ್ಲ ಅದರ ಅಲೆ ಸುತ್ತಲಿನ ಮೆತ್ತನೆ ದಂಡೆಯನ್ನು ತಿನ್ನುತ್ತಿತ್ತು, ಸರೋವರ ದೊಡ್ಡದಾಗುತ್ತಲೇ ಇತ್ತು. ಡಚ್ಚರು ಇದಕ್ಕೆ ನೀರ ತೋಳ ಅಂತ ಹೆಸರಿಟ್ಟಿದ್ದರು. ಆಮ್‌ಸ್ಟರ್‌ಡ್ಯಾಮ್‌ನ ಶ್ರೀಮಂತ ವ್ಯಾಪಾರಿಗಳು ದುಡ್ಡು ಹಾಕಿ, 1607ರಲ್ಲಿ ಅನುಮತಿ ಪಡೆದು, ಇಡೀ ಸರೋವರದ ಸುತ್ತ ಸುಮಾರು 40 ಕಿಲೋಮೀಟರ್ ಏರಿ ಕಟ್ಟಿಸಿದರು. ಏರಿಯ ಹೊರಗೆ ಸುತ್ತಲೂ ಒಂದು ಕಾಲುವೆ ತೋಡಿದರು. ಒಳಗಿನ ನೀರನ್ನು ಗಾಳಿಯಂತ್ರಗಳಿಂದ ಎತ್ತಿ ಆ ಕಾಲುವೆಗೆ ಹಾಕಿದರು. ಒಂದು ಗಾಳಿಯಂತ್ರ ನೀರನ್ನು ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಎತ್ತಬಲ್ಲದು ಅಷ್ಟೇ. ಅದಕ್ಕೇ ಮೂರು ನಾಲ್ಕು ಯಂತ್ರಗಳನ್ನು ಒಂದರ ಹಿಂದೆ ಒಂದು ಮೆಟ್ಟಿಲಿನ ಹಾಗೆ ನಿಲ್ಲಿಸಿದರು. ಒಟ್ಟು ನಲವತ್ತಕ್ಕೂ ಹೆಚ್ಚು ಯಂತ್ರ. 1610ರಲ್ಲಿ ಬಿರುಗಾಳಿಗೆ ಏರಿ ಒಡೆದು, ಅರ್ಧ ಖಾಲಿಯಾಗಿದ್ದ ಸರೋವರ ಮತ್ತೆ ತುಂಬಿಹೋಯಿತು. ಏರಿಯನ್ನು ಇನ್ನೂ ಎತ್ತರಿಸಿ ಮತ್ತೆ ಶುರು ಮಾಡಿದರು. 1612ರ ಮೇ ತಿಂಗಳಲ್ಲಿ ನೆಲ ಕಂಡಿತು, ಏಳು ಸಾವಿರ ಹೆಕ್ಟೇರಿಗೂ ಹೆಚ್ಚು.

ನಿಮ್ಮ ಮಾವನವರಿಗೆ ಹೀಗೆ ಹೇಳಿ ನೋಡಿ. ಇದು ಒಳಗು ಹೊರಗು ತಿರುಗಿಸಿದ ಕೆರೆ. ನಮ್ಮ ಕಡೆ ಏರಿಯ ಒಳಗೆ ನೀರು, ಹೊರಗೆ ಗದ್ದೆ. ಇಲ್ಲಿ ಏರಿಯ ಒಳಗೆ ಗದ್ದೆ, ಹೊರಗೆ ನೀರು. ನಮ್ಮಲ್ಲಿ ತೂಬು ಎತ್ತಿದರೆ ನೀರು ತಾನೇ ಹರಿದು ಹೋಗುತ್ತದೆ, ಇಲ್ಲಿ ನೀರನ್ನು ಎತ್ತಿ ಹೊರಗೆ ಹಾಕಬೇಕು, ಅಷ್ಟೇ ವ್ಯತ್ಯಾಸ. ಕೆರೆ ನೋಡಿಕೊಂಡ ಊರಿನವರಿಗೆ ಇದು ಬೇಗ ಅರ್ಥವಾಗುತ್ತದೆ.

ಆ ಕೆಲಸದಲ್ಲಿ ಗಾಳಿಯಂತ್ರಗಳ ಹೊಣೆ ಹೊತ್ತವನು ಯಾನ್ ಆಡ್ರಿಯಾನ್‌ಸ್ಝೋನ್ ಲೇಖ್‌ವಾಟರ್. ಪಕ್ಕದ ಡಿ ರೈಪ್ ಹಳ್ಳಿಯವನು, ವೃತ್ತಿಯಿಂದ ಗಾಳಿಯಂತ್ರದ ಬಡಗಿ. ಲೇಖ್‌ವಾಟರ್ ಅಂದರೆ ಖಾಲಿ ನೀರು ಅಂತ ಅರ್ಥ, ಆ ಹೆಸರನ್ನು ಅವನೇ ಇಟ್ಟುಕೊಂಡ. ಡಿ ರೈಪ್‌ಗೆ ಹೋದರೆ 1630ರಲ್ಲಿ ಕಟ್ಟಿದ ಪುರಭವನ ನೋಡಿ, ಅದೂ ಅವನದೇ ಕೈಕೆಲಸ ಅನ್ನುತ್ತಾರೆ. ದುಡ್ಡು ಹಾಕಿದವರಲ್ಲಿ ಮುಖ್ಯನಾದವನು ಡಿರ್ಕ್ ವಾನ್ ಓಸ್. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಷೇರಿಗೆ ಆಮ್‌ಸ್ಟರ್‌ಡ್ಯಾಮ್ ಜನ ಹೆಸರು ಬರೆಸಿದ್ದು ಇವನ ಮನೆಯಲ್ಲೇ. ಅದೇ ಕಂಪನಿ ಮುಂದೆ ನಮ್ಮ ಕರಾವಳಿಗೂ ಬಂತು, ಬಸ್ರೂರಿನಲ್ಲಿ ಅಕ್ಕಿ ವ್ಯಾಪಾರಕ್ಕೆ ಕೋಠಿ ಇಟ್ಟಿತ್ತು. ಬೇಮ್‌ಸ್ಟರ್‌ನ ನೇರ ರಸ್ತೆಗಳಲ್ಲಿ ಸೈಕಲ್ ಹೊಡೆಯುವಾಗ ನನಗೆ ಎಷ್ಟೋ ಸಲ ಇದು ನೆನಪಾಗುತ್ತದೆ.

ರಸ್ತೆಗಳು ಅಷ್ಟು ನೇರ ಇರುವುದಕ್ಕೂ ಇದೇ ಕಾರಣ. ಹಳೇ ಊರಾಗಿದ್ದರೆ ಕಾಲುದಾರಿ ಡೊಂಕಾಗಿ ಬೆಳೆಯುತ್ತಿತ್ತು. ಇದು ಖಾಲಿ ನೆಲ, ಕಾಗದದ ಮೇಲೆ ಗೆರೆ ಎಳೆದು ಚೌಕ ಮಾಡಿ, ದುಡ್ಡು ಹಾಕಿದವರಿಗೆ ಹಂಚಿದರು. ಒಂದೊಂದು ಪಾಲು ಸುಮಾರು 180 ಮೀಟರ್ ಅಗಲ, 900 ಮೀಟರ್ ಉದ್ದ. ಮಿಡನ್‌ವೇಖ್ ಮತ್ತು ರೈಪರ್‌ವೇಖ್ ಅನ್ನುವ ಎರಡು ರಸ್ತೆ ಕೂಡುವ ಜಾಗದಲ್ಲಿ ಮಿಡನ್‌ಬೇಮ್‌ಸ್ಟರ್ ಹುಟ್ಟಿತು. ನಡುವೆ ನೀವು ನೋಡಿದ ಚರ್ಚು, ಅದರ ಕೆಲಸ 1618ರಲ್ಲಿ ಶುರುವಾಯಿತು. ಧಾನ್ಯ ಬೆಳೆದು ದುಡ್ಡು ಮಾಡುವ ಲೆಕ್ಕ ಹಾಕಿದ್ದರು, ಆದರೆ ನೆಲದಲ್ಲಿ ತೇವ ಜಾಸ್ತಿ, ಧಾನ್ಯ ಕೈಗೆ ಹತ್ತಲಿಲ್ಲ. ಹುಲ್ಲು ಮಾತ್ರ ಚೆನ್ನಾಗಿ ಬಂತು. ಹುಲ್ಲಿನಿಂದ ಹಸು, ಹಸುವಿನಿಂದ ಚೀಸ್. ಇವತ್ತು ಅಂಗಡಿಯಲ್ಲಿ ನೀವು ಕೊಳ್ಳುವ ಬೇಮ್‌ಸ್ಟರ್ ಚೀಸ್‌ನ ಸಹಕಾರ ಸಂಘ 1901ರಲ್ಲಿ ಶುರುವಾದದ್ದು. 1999ರಲ್ಲಿ ಇಡೀ ಪ್ರದೇಶವನ್ನು ಯುನೆಸ್ಕೋ ವಿಶ್ವ ಪರಂಪರೆಗೆ ಸೇರಿಸಿತು.

ಈಗ ನಿಮ್ಮ ಮೊದಲ ಭಯಕ್ಕೆ ಬರೋಣ. ಏರಿಯಲ್ಲಿ ತೂತು ಬಿದ್ದಾಗ ಬೆರಳಿಟ್ಟು ಊರು ಉಳಿಸಿದ ಡಚ್ ಹುಡುಗನ ಕಥೆ ನಾವೆಲ್ಲ ಕೇಳಿದ್ದೇವೆ. ಅದನ್ನು ಲೋಕಕ್ಕೆಲ್ಲ ಹಬ್ಬಿಸಿದ್ದು 19ನೇ ಶತಮಾನದ ಒಂದು ಅಮೆರಿಕನ್ ಪುಸ್ತಕ. ಏರಿ ಹಾಗೆ ಒಡೆಯುವುದೂ ಇಲ್ಲ. ಏರಿಯ ಅಡಿಯಿಂದ ನೀರು ಜಿನುಗುವುದು ಇಲ್ಲಿ ದಿನದ ಮಾತು, ಅದು ತಿಳಿಯಾಗಿದ್ದರೆ ನಾವು ಬರೆದಿಟ್ಟುಕೊಂಡು ಮುಂದೆ ಹೋಗುತ್ತೇವೆ. ಅದರ ಜೊತೆ ಮರಳು ಬರತೊಡಗಿದರೆ ಮಾತ್ರ ಓಡಬೇಕು, ಯಾಕೆಂದರೆ ಏರಿಯ ಕೆಳಗೆ ಸುರಂಗದ ಹಾಗೆ ದಾರಿ ಕೊರೆಯುತ್ತಿದೆ ಅಂತ ಅರ್ಥ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರಿಗೆ ನಾನು ಮೊದಲು ಕಲಿಸುವುದು ಇದನ್ನೇ, ಜಿನುಗಿದ ನೀರನ್ನು ಬೊಗಸೆಯಲ್ಲಿ ಹಿಡಿದು ಬೆರಳಿನಿಂದ ತಿಕ್ಕಿ ನೋಡುವುದು.

ಬೇಮ್‌ಸ್ಟರ್‌ನ ಏರಿಗೆ ಸಮುದ್ರ ತಾಗಿಲ್ಲ. ಏರಿಯ ಆಚೆ ಇರುವುದು ಸುತ್ತುಕಾಲುವೆ, ಅದರ ನೀರು ಸಮುದ್ರ ಮಟ್ಟಕ್ಕಿಂತ ಅರ್ಧ ಮೀಟರ್ ಕೆಳಗೆ, ಹೊಲಗಳಿಗಿಂತ ಸುಮಾರು ಮೂರು ಮೀಟರ್ ಮೇಲೆ. ಹಾಗಾಗಿ ಹೊಲದಲ್ಲಿ ನಿಂತವರಿಗೆ ದೋಣಿ ತಲೆಗಿಂತ ಎತ್ತರದಲ್ಲಿ ಹೋಗುವುದು ಕಾಣುತ್ತದೆ, ಮೊದಲ ಸಲ ನೋಡಿದವರಿಗೆ ಎದೆ ಝಲ್ಲೆನ್ನುವುದು ಸಹಜ. ಆದರೆ ಲೆಕ್ಕ ಹಾಕಿ ನೋಡಿ. ಏಳು ಸಾವಿರ ಹೆಕ್ಟೇರ್ ಅಂದರೆ ಏಳು ಕೋಟಿ ಚದರ ಮೀಟರ್. ಸುತ್ತುಕಾಲುವೆ ಒಡೆದು ಎಪ್ಪತ್ತು ಲಕ್ಷ ಘನ ಮೀಟರ್ ನೀರು ಒಳಗೆ ಬಂದು ಸಮನಾಗಿ ಹರಡಿತು ಅಂದುಕೊಂಡರೂ ಹತ್ತು ಸೆಂಟಿಮೀಟರ್ ನಿಲ್ಲುತ್ತದೆ. ಒಡೆದ ಜಾಗದ ಹತ್ತಿರದ ನಾಲ್ಕು ಮನೆಗೆ ಅದು ದೊಡ್ಡ ಅಪಾಯವೇ. ಆದರೆ ಊರಿನ ನಡುವೆ ಇರುವವರಿಗೆ ಏನಾಗುತ್ತಿದೆ ಅಂತ ನೋಡಿ, ಮಗುವನ್ನು ಎತ್ತಿಕೊಂಡು ಹೊರಡಲು ಸಮಯ ಸಿಗುತ್ತದೆ.

ದೊಡ್ಡ ನೀರು ಬರಬೇಕಾದರೆ ಪೂರ್ವದ ಮಾರ್ಕರ್‌ಮೇರ್ ಅನ್ನುವ ದೊಡ್ಡ ಸರೋವರದ ಕಡೆಯ ಮುಖ್ಯ ಏರಿ ಒಡೆಯಬೇಕು, ಆಮೇಲೆ ಬೇಮ್‌ಸ್ಟರ್‌ನ ಏರಿಯೂ ಸೋಲಬೇಕು. ಒಂದು ಕಾಲದಲ್ಲಿ ಅಲ್ಲಿ ಜೌಡರ್‌ಜೇ ಅನ್ನುವ ಸಮುದ್ರದ ಕೊಲ್ಲಿಯೇ ಇತ್ತು. 1916ರ ಜನವರಿಯ ಬಿರುಗಾಳಿಗೆ ಅದರ ಏರಿಗಳು ಒಡೆದು ಪಕ್ಕದ ವಾಟರ್‌ಲ್ಯಾಂಡ್ ಭಾಗ ಮುಳುಗಿತ್ತು. ಆ ಹೊಡೆತದ ಮೇಲೆ 32 ಕಿಲೋಮೀಟರ್ ಉದ್ದದ ಅಡ್ಡಗಟ್ಟೆ ಕಟ್ಟಿ 1932ರಲ್ಲಿ ಕೊಲ್ಲಿಯ ಬಾಯಿ ಮುಚ್ಚಿದರು, ಅದೀಗ ಸಿಹಿನೀರಿನ ಸರೋವರ. ಹೋರ್ನ್‌ನಿಂದ ಆಮ್‌ಸ್ಟರ್‌ಡ್ಯಾಮ್‌ವರೆಗಿನ ಏರಿಯಲ್ಲಿ 33 ಕಿಲೋಮೀಟರ್ ಬಲಪಡಿಸುವ ಕೆಲಸವನ್ನೂ ಕೈಗೆತ್ತಿಕೊಂಡಿದ್ದಾರೆ. 1953ರ ಪ್ರವಾಹದಲ್ಲಿ ದೇಶದ ನೈಋತ್ಯ ಭಾಗದಲ್ಲಿ 1,836 ಜನ ಸತ್ತರು, ಅದನ್ನು ಇಲ್ಲಿ ಯಾರೂ ಮರೆತಿಲ್ಲ. 2017ರಿಂದ ಕಾನೂನಿನಲ್ಲೇ ಒಂದು ಗುರಿ ಇದೆ. ಮುಖ್ಯ ಏರಿಗಳ ಹಿಂದೆ ಇರುವ ಪ್ರತಿಯೊಬ್ಬರಿಗೂ ಪ್ರವಾಹದಿಂದ ಸಾಯುವ ಸಾಧ್ಯತೆ ವರ್ಷಕ್ಕೆ ಲಕ್ಷದಲ್ಲಿ ಒಂದಕ್ಕಿಂತ ಜಾಸ್ತಿ ಇರಬಾರದು, 2050ರೊಳಗೆ.

ಅಪಾಯ ಸೊನ್ನೆ ಅಂತ ನಾನು ಹೇಳುವುದಿಲ್ಲ. 2003ರ ಆಗಸ್ಟ್‌ನಲ್ಲಿ ವಿಲ್ನಿಸ್ ಅನ್ನುವ ಹಳ್ಳಿಯಲ್ಲಿ ಕಾಲುವೆಯ ಏರಿ ಜಾರಿಹೋಯಿತು. ಮಳೆಯಿಂದಲ್ಲ, ಬರದಿಂದ. ಅದು ಕೊಳೆತ ಗಿಡಗಂಟಿಯಿಂದಾದ ಪೀಟ್ ಮಣ್ಣಿನ ಏರಿ, ಬೇಸಿಗೆಯಲ್ಲಿ ಒಣಗಿ ಹಗುರವಾಯಿತು, ಹಿಂದಿನ ನೀರು ಅದನ್ನು ಪಕ್ಕಕ್ಕೆ ತಳ್ಳಿತು. ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೋಗಬೇಕಾಯಿತು, ಯಾರಿಗೂ ಪ್ರಾಣಾಪಾಯ ಆಗಲಿಲ್ಲ. ಅಲ್ಲಿಯವರೆಗೆ ನಾವೆಲ್ಲ ಮಳೆಗಾಲದಲ್ಲೇ ಏರಿ ಕಾಯುತ್ತಿದ್ದೆವು. ಈಗ ಬರಗಾಲದಲ್ಲೂ ಪೀಟ್ ಏರಿಗಳ ಮೇಲೆ ಜನ ನಡೆದು ಬಿರುಕು ಹುಡುಕುತ್ತಾರೆ.

ನಿಮ್ಮ ಜಾಗಕ್ಕೆ ಎಷ್ಟು ನೀರು ಬರಬಹುದು ಅಂತ ನೋಡಲು ಓವರ್‌ಸ್ಟ್ರೋಮ್ ಇಕ್ ಅನ್ನುವ ಜಾಲತಾಣವಿದೆ, ನಾನು ಮುಳುಗುತ್ತೇನಾ ಅಂತ ಅರ್ಥ. ಎರಡೂ ಮನೆಯ ಅಂಚೆ ಸಂಖ್ಯೆ ಹಾಕಿ ನೋಡಿ. ಅದು ತೋರಿಸುವುದು ಅತಿ ಕೆಟ್ಟ ಸಂದರ್ಭ, ಅದನ್ನು ನೋಡಿ ಗಾಬರಿಯಾಗಬೇಡಿ, ಆದರೆ ಮಹಡಿ ಇರುವ ಮನೆ ಯಾಕೆ ಒಳ್ಳೆಯದು ಅಂತ ಅದರಿಂದ ಗೊತ್ತಾಗುತ್ತದೆ. ವಿಮೆ ಪಾಲಿಸಿಯನ್ನೂ ಬಿಡಿಸಿ ಓದಿ. ಭಾರೀ ಮಳೆಯ ನೀರು, ಸಣ್ಣ ಕಾಲುವೆ ಏರಿ ಒಡೆದ ನೀರು, ಮುಖ್ಯ ಏರಿ ಒಡೆದ ನೀರು, ಈ ಮೂರನ್ನೂ ವಿಮೆಯವರು ಬೇರೆ ಬೇರೆಯಾಗಿ ನೋಡುತ್ತಾರೆ. ಕೊನೆಯದಕ್ಕೆ ಸಾಮಾನ್ಯ ಮನೆ ವಿಮೆ ಹಣ ಕೊಡುವುದಿಲ್ಲ.

ಇನ್ನು ಬುನಾದಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ನಿಮ್ಮ ಅದೃಷ್ಟಕ್ಕೆ ಬೇಮ್‌ಸ್ಟರ್‌ನ ನೆಲ ಬಹುಪಾಲು ಜೇಡಿಮಣ್ಣು, ಹಳೇ ಸರೋವರದ ತಳ. ಏರಿ ದಾಟಿದರೆ, ಡಿ ರೈಪ್ ಕಡೆಗೆ, ವಾಟರ್‌ಲ್ಯಾಂಡ್ ಕಡೆಗೆ, ಪೀಟ್ ಮಣ್ಣು. ಪೀಟ್ ನೆಲದ ನೀರು ತೆಗೆದರೆ ಅದು ಗಾಳಿ ತಾಗಿ ಕರಗುತ್ತಾ ಹೋಗುತ್ತದೆ, ನೆಲ ವರ್ಷ ವರ್ಷ ಕೂರುತ್ತದೆ. ಜೇಡಿಮಣ್ಣು ಹಾಗಲ್ಲ, ಆದರೆ ಒಣಗಿದರೆ ಕುಗ್ಗುತ್ತದೆ, ನೆನೆದರೆ ಹಿಗ್ಗುತ್ತದೆ. ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ನಿಮ್ಮ ಎರೆಹೊಲ ಬೇಸಿಗೆಯಲ್ಲಿ ಬಾಯಿ ಬಿಡುವುದಿಲ್ಲವೇ, ಹಾಗೇ, ಇಲ್ಲಿ ಅಷ್ಟು ಜೋರಾಗಿ ಅಲ್ಲ. ಈಚಿನ ಒಣ ಬೇಸಿಗೆಗಳಲ್ಲಿ ಮಾತ್ರ ಹಳೇ ಮನೆಗಳ ಗೋಡೆ ಬಿರುಕು ಬಿಟ್ಟಿದ್ದನ್ನು ನಾನೇ ಬಹಳ ಕಡೆ ನೋಡಿದ್ದೇನೆ.

1920ರ ಮನೆ ಎರಡರಲ್ಲಿ ಒಂದು ರೀತಿ ನಿಂತಿರುತ್ತದೆ. ಮರದ ಕಂಬಗಳನ್ನು ನೆಲಕ್ಕೆ ಹೊಡೆದು ಅದರ ಮೇಲೆ ಕಟ್ಟಿರುತ್ತಾರೆ, ಇಲ್ಲವೇ ಕಂಬವೇ ಇಲ್ಲದೆ ನೇರ ಮಣ್ಣಿನ ಮೇಲೆ ಅಗಲ ಇಟ್ಟಿಗೆ ಬುನಾದಿ ಹಾಕಿರುತ್ತಾರೆ. ಮರದ ಕಂಬ ನೀರಿನಲ್ಲಿ ಮುಳುಗಿರುವಷ್ಟು ದಿನ ಬಹಳ ಕಾಲ ಬಾಳುತ್ತದೆ. ಅಂತರ್ಜಲ ಇಳಿದು ಕಂಬದ ತಲೆಗೆ ಗಾಳಿ ತಾಗಿತೋ, ಶಿಲೀಂಧ್ರ ಹತ್ತಿ ಕೊಳೆಯುತ್ತದೆ. ಅಂದರೆ ಇಲ್ಲಿ ಮನೆಗೆ ಅಪಾಯ ನೀರು ಜಾಸ್ತಿಯಾದಾಗಲ್ಲ, ಕಡಿಮೆಯಾದಾಗ. ನಾನು ಕಂಡ ಎಷ್ಟೋ ಹೊಸ ಮಾಲೀಕರು ಇದನ್ನು ತಿಳಿಯದೆ ಸೋತಿದ್ದಾರೆ. ಬುನಾದಿ ರಿಪೇರಿ ಅಂದರೆ ಹತ್ತಾರು ಸಾವಿರ ಯೂರೋ, ಕೆಲವು ಕಡೆ ಒಂದು ಲಕ್ಷದ ಹತ್ತಿರ. ಬ್ಯಾಂಕಿನವರು ಮನೆಯ ಬೆಲೆ ನೋಡುತ್ತಾರೆ, ಬುನಾದಿ ನೋಡಬೇಕಾದವರು ನೀವು. ಮಾರುವವರು ಗೊತ್ತಿರುವ ದೋಷ ಹೇಳಬೇಕು, ಕೊಳ್ಳುವವರು ವಿಚಾರಿಸಿ ನೋಡಬೇಕು ಅನ್ನುವುದು ಇಲ್ಲಿನ ಕಾನೂನು.

ಮತ್ತೆ ಹೋದಾಗ ಗೋಡೆಯಲ್ಲಿ ಮೆಟ್ಟಿಲಿನ ಹಾಗೆ ಓರೆಯಾಗಿ ಇಳಿಯುವ ಬಿರುಕು ಇದೆಯಾ, ಅದಕ್ಕೆ ಹೊಸ ಗಾರೆ ಮೆತ್ತಿದ್ದಾರಾ ನೋಡಿ. ಬಾಗಿಲು ಸರಾಗ ಮುಚ್ಚುತ್ತದಾ ನೋಡಿ. ನಿಮ್ಮ ಮಗಳ ಕೈಗೆ ಗೋಲಿ ಕೊಟ್ಟು ನೆಲದ ಮೇಲೆ ಉರುಳಿಸಲು ಹೇಳಿ, ಎಲ್ಲಾ ಕೋಣೆಯಲ್ಲೂ ಒಂದೇ ಕಡೆಗೆ ಓಡಿದರೆ ಮನೆ ಆ ಕಡೆ ವಾಲಿದೆ ಅಂತ. ಇದೆಲ್ಲ ಕಣ್ಣಂದಾಜು. ಆಮೇಲೆ ಕಟ್ಟಡ ತಪಾಸಣೆಯವರನ್ನು ನೀವೇ ಹಣ ಕೊಟ್ಟು ಕರೆಸಿ, ಮಾರುವವರ ಕಡೆಯವರನ್ನಲ್ಲ, ಮತ್ತು ತಪಾಸಣೆಯಲ್ಲಿ ದೊಡ್ಡ ದೋಷ ಬಂದರೆ ಕೊಳ್ಳುವುದನ್ನು ಬಿಡಬಹುದು ಅನ್ನುವ ಷರತ್ತನ್ನು ಒಪ್ಪಂದದಲ್ಲೇ ಬರೆಸಿ. ಸಹಿ ಹಾಕಿದ ಮೇಲೂ ಮನಸ್ಸು ಬದಲಿಸಲು ಕೊಳ್ಳುವವರಿಗೆ ಮೂರು ದಿನ ಇರುತ್ತದೆ, ಆದರೆ ಮೂರು ದಿನದಲ್ಲಿ ಬುನಾದಿ ಪರೀಕ್ಷೆ ಮುಗಿಯುವುದಿಲ್ಲ. ಪೈಪೋಟಿಯಲ್ಲಿ ಮನೆ ಕೈತಪ್ಪುತ್ತದೆ, ಷರತ್ತು ಬಿಡಿ ಅಂತ ಒತ್ತಾಯ ಬರಬಹುದು. ಹೊಸ ಮನೆಗೆ ಬೇಕಿದ್ದರೆ ಯೋಚಿಸಿ, 1920ರ ಮನೆಗೆ ಮಾತ್ರ ಬಿಡಬೇಡಿ. ಊರಿನ ಹಳೇ ಕಟ್ಟಡಗಳಲ್ಲಿ ಕೆಲವು ಸಂರಕ್ಷಿತ ಸ್ಮಾರಕಗಳು, ಅಂಥದ್ದಾದರೆ ಕಿಟಕಿ ಬದಲಿಸಲು, ಸೋಲಾರ್ ಹಾಕಲು ಅನುಮತಿ ಬೇಕು. 2022ರಿಂದ ಬೇಮ್‌ಸ್ಟರ್ ಪುರ್ಮರೆಂಡ್ ನಗರಸಭೆಗೆ ಸೇರಿದೆ, ಅಲ್ಲಿ ಕೇಳಿ.

1980ರ ನಂತರದ ಸಾಲು ಮನೆ ಕಾಂಕ್ರೀಟ್ ಕಂಬದ ಮೇಲೆ ಇರುವ ಸಾಧ್ಯತೆ ಜಾಸ್ತಿ. ಅಲ್ಲಿ ಮನೆ ಕೂರುವುದಿಲ್ಲ, ಸುತ್ತಲಿನ ತೋಟ ಕೂರಬಹುದು, ಆಗಾಗ ಮಣ್ಣು ತುಂಬಿಸಿ ಕಲ್ಲು ಹಾಸು ಎತ್ತಬೇಕಾಗುತ್ತದೆ, ಅಷ್ಟೇ. ನೋಡಲು ಸಪ್ಪೆ ಅನಿಸಬಹುದು, ಆದರೆ ಚಿಕ್ಕ ಮಗು, ಎರಡು ಕೆಲಸ, ಮೊದಲ ಮನೆ ಅಂದರೆ ನಾನು ಅದನ್ನೇ ಆರಿಸುತ್ತೇನೆ. ಹಳೇ ಮನೆಯೇ ಬೇಕು ಅಂದರೆ ತಪಾಸಣೆ ಚೆನ್ನಾಗಿ ಬರಲಿ, ರಿಪೇರಿಗೆ ಅಂತ ಕೈಯಲ್ಲಿ ದುಡ್ಡೂ ಇರಲಿ. ಎರಡಕ್ಕೂ ಮನಸ್ಸು ಗಟ್ಟಿಯಾಗದಿದ್ದರೆ ಪುರ್ಮರೆಂಡ್‌ನಲ್ಲೋ ಬೇಮ್‌ಸ್ಟರ್‌ನಲ್ಲೋ ಒಂದು ವರ್ಷ ಬಾಡಿಗೆಗೆ ಇದ್ದು ನೋಡಬಹುದು. ಬಾಡಿಗೆ ಮನೆ ಸಿಗುವುದು ಕಷ್ಟ, ಅಷ್ಟರಲ್ಲಿ ಬೆಲೆ ಏರಿದರೂ ಏರಬಹುದು, ಆದರೆ ಒಂದು ಚಳಿಗಾಲ ಕಳೆದ ಮೇಲೆ ನಿಮಗೆ ಊರು ಗೊತ್ತಾಗಿರುತ್ತದೆ.

ಹಿತ್ತಲಿನ ಕಾಲುವೆ ಬಗ್ಗೆ ನೀವು ಏನೂ ಕೇಳಿಲ್ಲ, ಆದರೂ ಹೇಳಲೇಬೇಕು. ಸ್ಲೋಟ್ ಅಂತ ಕರೆಯುವ ಈ ಸಣ್ಣ ಕಾಲುವೆಗಳೇ ಮಳೆ ನೀರನ್ನು ಪಂಪಿನವರೆಗೆ ಒಯ್ಯುವುದು. ಪಂಪು ಅದನ್ನು ಸುತ್ತುಕಾಲುವೆಗೆ ಎತ್ತುತ್ತದೆ, ಅಲ್ಲಿಂದ ನೀರು ಡೆನ್ ಹೆಲ್ಡರ್ ಹತ್ತಿರ ಸಮುದ್ರಕ್ಕೋ ಝಾಂಡಮ್ ಹತ್ತಿರ ದೊಡ್ಡ ಕಾಲುವೆಗೋ ಹೋಗುತ್ತದೆ. ಬಹಳ ಕಡೆ ಕಾಲುವೆಯ ಪಕ್ಕದ ಜಾಗ ಯಾರದೋ, ಅದನ್ನು ಸ್ವಚ್ಛ ಮಾಡುವ ಹೊಣೆಯೂ ಅವರದೇ. ಶರತ್ಕಾಲದಲ್ಲಿ ನೀರಿನ ಮಂಡಳಿಯವರು ತಪಾಸಣೆಗೆ ಬರುತ್ತಾರೆ, ಹುಲ್ಲು ಪಾಚಿ ತುಂಬಿದ್ದರೆ ಪತ್ರ ಬರುತ್ತದೆ. ಹೊಣೆ ನಿಮ್ಮದಾ ಅಂತ ಕೊಳ್ಳುವ ಮುಂಚೆ ಕೇಳಿಕೊಳ್ಳಿ.

ಮಗಳಿಗೆ ಈಜು. ಇದನ್ನು ಮುಂದೂಡಬೇಡಿ. ಬೇಲಿ ಇಲ್ಲದ ನೀರು ಎಲ್ಲಾ ಕಡೆ ಇರುವುದರಿಂದ ಇಲ್ಲಿನ ಮಕ್ಕಳು ಐದಾರು ವರ್ಷಕ್ಕೇ ಈಜು ಕಲಿತು ಎ, ಬಿ, ಸಿ ಅಂತ ಪ್ರಮಾಣಪತ್ರ ಪಡೆಯುತ್ತಾರೆ. ಪರೀಕ್ಷೆಯಲ್ಲಿ ಬಟ್ಟೆ, ಶೂ ಹಾಕಿಕೊಂಡೇ ನೀರಿಗೆ ಇಳಿಸುತ್ತಾರೆ, ಕಾಲುವೆಗೆ ಬೀಳುವ ಮಗು ಈಜುಡುಗೆಯಲ್ಲಿ ಬೀಳುವುದಿಲ್ಲ ಅಲ್ವಾ. ಅವಳಿಗೆ ಎ ಪ್ರಮಾಣಪತ್ರ ಸಿಗುವವರೆಗೆ ಹಿತ್ತಲಿಗೆ ಗಟ್ಟಿ ಬೇಲಿ ಹಾಕಿಸಿ. ಸಮುದ್ರದ ಬಗ್ಗೆ ಯೋಚಿಸುವ ಅಜ್ಜಿ ತಾತನಿಗೆ ನಾನು ಹೇಳಬಯಸುವ ನಿಜವಾದ ಎಚ್ಚರಿಕೆ ಇದೊಂದೇ.

ಒಂಟಿತನದ ಬಗ್ಗೆ. ಮುಚ್ಚಿಡುವುದಿಲ್ಲ, ಮೊದಲ ಚಳಿಗಾಲ ಕಷ್ಟ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲು. ಮರಗಳಿಲ್ಲದ ಬಯಲಲ್ಲಿ ಗಾಳಿ ಎದುರಿಗೆ ಬಂದರೆ ಸೈಕಲ್ ಮುಂದಕ್ಕೇ ಹೋಗುವುದಿಲ್ಲ. ಆರು ಗಂಟೆಗೆಲ್ಲ ಊಟ ಮುಗಿಸುತ್ತಾರೆ, ಹೇಳದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಫೆಬ್ರವರಿ ನಡುವಿನಿಂದ ಹೊಲಕ್ಕೆ ಸಗಣಿ ಗೊಬ್ಬರ ಬಿಡುತ್ತಾರೆ, ವಾಸನೆ ಮನೆಯೊಳಗೂ ಬರುತ್ತದೆ. ರೈಲು ಬೇಕಾದರೆ ಪುರ್ಮರೆಂಡ್‌ಗೆ ಹೋಗಬೇಕು. ರಾಗಿ ಹಿಟ್ಟು, ಕರಿಬೇವು ಬೇಕಾದರೆ ಆಮ್‌ಸ್ಟೆಲ್‌ವೇನ್‌ವರೆಗೆ.

ನಾನು ಹಳ್ಳಿಗೆ ಹೋದ ಮೊದಲ ವರ್ಷ ಕಾಲುವೆ ಸ್ವಚ್ಛ ಮಾಡಿ ಅಂತ ಬಂದ ಪತ್ರವನ್ನು ಸರಿಯಾಗಿ ಓದದೆ ಬಿಟ್ಟಿದ್ದೆ. ಒಂದು ಶನಿವಾರ ಪಕ್ಕದ ಮನೆಯ ಹಿರಿಯರು ಮೊಣಕಾಲಿನವರೆಗಿನ ರಬ್ಬರ್ ಬೂಟು ಹಾಕಿಕೊಂಡು, ಎರಡು ಉದ್ದನೆ ಕುಂಟೆ ಹಿಡಿದು ಬಾಗಿಲಿಗೆ ಬಂದರು. ಒಂದು ನನಗೆ ಕೊಟ್ಟರು. ಮಧ್ಯಾಹ್ನದವರೆಗೆ ಇಬ್ಬರೂ ಪಾಚಿ ಎಳೆದು ದಂಡೆಗೆ ಹಾಕಿದೆವು. ನನಗೆ ಆಗ ಡಚ್ ಅಷ್ಟು ಬರುತ್ತಿರಲಿಲ್ಲ, ಅವರಿಗೆ ಇಂಗ್ಲಿಷ್ ಬೇಕಿರಲಿಲ್ಲ. ಆಮೇಲೆ ಅವರ ಹೆಂಡತಿ ಕಾಫಿ ಕೊಟ್ಟರು, ಬ್ರೆಡ್ಡು ಚೀಸು ಕೊಟ್ಟರು. ನನ್ನ ನೀರು ನಿಂತರೆ ಅವರ ಹೊಲ ನೆನೆಯುತ್ತದೆ, ಅದಕ್ಕೇ ಬಂದರು. ಅವತ್ತಿನಿಂದ ಆ ಊರಿನಲ್ಲಿ ನನಗೊಂದು ಮನೆಯಾಯಿತು. ಆಮೇಲೆ ಹುಟ್ಟುಹಬ್ಬಕ್ಕೆ ಕರೆದರು, ಕೆರ್ಮಿಸ್ ಅನ್ನುವ ಊರ ಜಾತ್ರೆಯಲ್ಲಿ ಕುರ್ಚಿ ಜೋಡಿಸುವ ಕೆಲಸಕ್ಕೆ ಕರೆದರು. ಇಲ್ಲಿ ಸ್ನೇಹ ಮಾತಿನಿಂದ ಶುರುವಾಗುವುದು ಕಡಿಮೆ, ಒಟ್ಟಿಗೆ ಮಾಡುವ ಕೆಲಸದಿಂದ ಜಾಸ್ತಿ. ಶಾಲೆಯಲ್ಲಿ ಪೋಷಕರನ್ನು ಯಾವುದಕ್ಕಾದರೂ ಕರೆದರೆ ಮೊದಲು ಕೈ ಎತ್ತಿ.

ಇನ್ನೊಂದು ಮಾತು. ಏರಿ, ಪಂಪು, ನೀರಿನ ಮಟ್ಟ ನೋಡಿಕೊಳ್ಳುವುದು ವಾಟರ್‌ಸ್ಖಾಪ್ ಅನ್ನುವ ನೀರಿನ ಮಂಡಳಿ. ಅದಕ್ಕೆ ಬೇರೆಯೇ ತೆರಿಗೆ, ನಾಲ್ಕು ವರ್ಷಕ್ಕೊಮ್ಮೆ ಬೇರೆಯೇ ಚುನಾವಣೆ. ಡಚ್ ಪೌರತ್ವ ಇಲ್ಲದಿದ್ದರೂ ಸರಿಯಾದ ವಾಸದ ಪರವಾನಗಿ ಇರುವ ವಯಸ್ಕರು ಅದರಲ್ಲಿ ಮತ ಹಾಕಬಹುದು. ನೀವಿಬ್ಬರೂ ಹಾಕಿ. ರೈತರಿಗೆ ಹೊಲ ಒಣಗಿರಬೇಕು, ಹಳೇ ಮನೆಯವರಿಗೆ ಅಂತರ್ಜಲ ಮೇಲಿರಬೇಕು, ಯಾವ ಕಾಲುವೆಯಲ್ಲಿ ನೀರು ಎಷ್ಟಿರಬೇಕು ಅಂತ ಅಲ್ಲಿ ತೀರ್ಮಾನವಾಗುತ್ತದೆ.

ಮುಂದಿನ ಸಲ ಮನೆ ನೋಡಲು ಹೋಗುವಾಗ ಮಳೆ ಬರುವ ದಿನವೇ ಹೋಗಿ. ಅತ್ತೆ ಮಾವ ಬಂದಿದ್ದರೆ ಅವರನ್ನೂ ಕರೆದುಕೊಂಡು ಏರಿಯ ಮೇಲೆ ಹತ್ತು ನಿಮಿಷ ನಿಲ್ಲಿ, ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಕೆಳಗೆ ಹಸು ಮೇಯುವುದು ಕಾಣುತ್ತದೆ. ತಪಾಸಣೆ ವರದಿ ಬಂದ ಮೇಲೆ ಬುನಾದಿಯ ಪುಟಗಳನ್ನು ಕಳಿಸಿ, ನೋಡಿ ಹೇಳುತ್ತೇನೆ.